ಪಿಟ್ಯುಟರಿ ಗಡ್ಡೆ: ಯಾವ ಕೋಶದಿಂದ ಹುಟ್ಟಿತು ಎಂಬುದೇ ಮೊದಲ ಪ್ರಶ್ನೆ

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪಿಟ್ಯುಟರಿ ಗ್ರಂಥಿಯ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವನ್ನು ಬರೆದವರು, ‘ತಲೆಯೊಳಗೆ ಗಡ್ಡೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ಕಂಗೆಟ್ಟ ಮನೆಮಂದಿ. ಅವರ ಆತಂಕ ಸಹಜವಾದದ್ದು. ಆದರೆ ಈ ಗ್ರಂಥಿಯ ಗಡ್ಡೆಗಳ ವಿಷಯದಲ್ಲಿ ಎಷ್ಟು ಮಿಲಿಮೀಟರ್ ಇದೆ ಎಂದು ಕೇಳುವ ಮೊದಲು, ಅದು ಯಾವ ಬಗೆಯ ಜೀವಕೋಶದಿಂದ ಹುಟ್ಟಿದೆ ಎಂದು ಕೇಳಬೇಕು. ರೋಗಲಕ್ಷಣ, ಚಿಕಿತ್ಸೆ, ಮುಂದಿನ ನಿರೀಕ್ಷೆ ಎಲ್ಲವೂ ಬಹುಮಟ್ಟಿಗೆ ಆ ಒಂದು ಉತ್ತರದ ಮೇಲೆ ನಿಂತಿರುತ್ತವೆ. ಪತ್ರ ಬರೆದವರ ಹೆಸರುಗಳನ್ನು ಇಲ್ಲಿ ಕೊಟ್ಟಿಲ್ಲ.

ಪ್ರಶ್ನೆ: ಪಿಟ್ಯುಟರಿ ಗ್ರಂಥಿಯ ತೂಕ ಅರ್ಧ ಗ್ರಾಂ ಆಸುಪಾಸು ಎಂದು ಪಠ್ಯದಲ್ಲಿ ಓದಿದ್ದೇವೆ. ಅಷ್ಟು ಸಣ್ಣ ಗ್ರಂಥಿಯಿಂದ ಅಷ್ಟೊಂದು ಹಾರ್ಮೋನುಗಳು ಬರುವುದು ಹೇಗೆ? ಒಂದೇ ಬಗೆಯ ಕೋಶ ಎಲ್ಲವನ್ನೂ ತಯಾರಿಸುತ್ತದೆಯೇ? (ಬಿಎಸ್‌ಸಿ ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ಇಲ್ಲ, ಕೆಲಸ ಹಂಚಿಹೋಗಿದೆ. ಕಡಲೆಕಾಳಿನ ಗಾತ್ರದ ಈ ಗ್ರಂಥಿ ಮೂಗಿನ ಹಿಂಬದಿಯಲ್ಲಿ, ತಲೆಬುರುಡೆಯ ತಳದ ಸ್ಫೀನಾಯ್ಡ್ ಮೂಳೆಯ ಒಂದು ಕುಳಿಯಲ್ಲಿ ಕುಳಿತಿರುತ್ತದೆ. ಹೊರನೋಟಕ್ಕೆ ಒಂದೇ ಗ್ರಂಥಿಯಾಗಿ ಕಂಡರೂ ಇದಕ್ಕೆ ಎರಡು ಮೂಲಗಳಿವೆ. ಮುಂಭಾಗವು ಭ್ರೂಣದ ಬಾಯಿಯ ಮೇಲ್ಛಾವಣಿಯಿಂದ ಮೇಲಕ್ಕೆ ಚಾಚಿಕೊಂಡ ಒಂದು ಚೀಲದಿಂದ ರೂಪುಗೊಳ್ಳುತ್ತದೆ. ಜರ್ಮನಿಯ ಅಂಗರಚನಾ ವಿಜ್ಞಾನಿ ರಾಥ್ಕೆ ಇದನ್ನು 1838ರಲ್ಲಿ ವಿವರಿಸಿದ್ದರಿಂದ ಅದಕ್ಕೆ ರಾಥ್ಕೆ ಚೀಲವೆಂದೇ ಹೆಸರು. ಹಿಂಭಾಗವು ಮೆದುಳಿನಿಂದಲೇ ಕೆಳಗಿಳಿದು ಬಂದ ನರತಂತುಗಳ ತುದಿ. ಹಿಂಭಾಗದಿಂದ ಹೊರಡುವ ಆಕ್ಸಿಟೋಸಿನ್ ಮತ್ತು ವಾಸೊಪ್ರೆಸಿನ್ ಅಲ್ಲಿ ತಯಾರಾಗುವುದಿಲ್ಲ; ಅವು ಗ್ರಂಥಿಯ ಮೇಲಿರುವ ಮೆದುಳಿನ ಭಾಗವಾದ ಹೈಪೋಥಲಾಮಸ್‌ನಲ್ಲಿ ತಯಾರಾಗಿ, ಇಲ್ಲಿ ಸಂಗ್ರಹವಾಗಿ, ಬೇಕಾದಾಗ ರಕ್ತಕ್ಕೆ ಸೇರುತ್ತವೆ.

ನಿಮ್ಮ ಪ್ರಶ್ನೆಗೆ ಸಂಬಂಧಿಸಿದ್ದು ಮುಂಭಾಗ. ಅಲ್ಲಿ ಹಾರ್ಮೋನು ತಯಾರಿಸುವ ಐದು ಮುಖ್ಯ ಬಗೆಯ ಕೋಶಗಳಿವೆ. ಸುಮಾರು ಅರ್ಧದಷ್ಟು ಕೋಶಗಳು ಬೆಳವಣಿಗೆಯ ಹಾರ್ಮೋನನ್ನು ಸ್ರವಿಸುತ್ತವೆ. ಎದೆಹಾಲಿಗೆ ಬೇಕಾದ ಪ್ರೊಲ್ಯಾಕ್ಟಿನ್, ಅಡ್ರಿನಲ್ ಗ್ರಂಥಿಯನ್ನು ಪ್ರಚೋದಿಸುವ ಎಸಿಟಿಎಚ್, ಥೈರಾಯ್ಡನ್ನು ಪ್ರಚೋದಿಸುವ ಟಿಎಸ್‌ಎಚ್ ಇವಕ್ಕೆ ಪ್ರತ್ಯೇಕ ಕೋಶಗಳಿವೆ. ಅಂಡಾಶಯ ಮತ್ತು ವೃಷಣಗಳನ್ನು ನಡೆಸುವ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಮಾತ್ರ ಸಾಮಾನ್ಯವಾಗಿ ಒಂದೇ ಬಗೆಯ ಕೋಶದಿಂದ ಬರುತ್ತವೆ. ಇವುಗಳ ನಡುವೆ ಹಾರ್ಮೋನು ತಯಾರಿಸದ, ನಕ್ಷತ್ರಾಕಾರದಲ್ಲಿ ಕವಲು ಚಾಚಿದ ಕೋಶಗಳೂ ಇದ್ದು, ಸುತ್ತಲಿನ ಕೋಶಗಳಿಗೆ ಆಸರೆಯಾಗಿ ಅವುಗಳೊಡನೆ ಸಂಕೇತಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ.

ಈ ಎಲ್ಲ ಕೋಶಗಳಲ್ಲಿಯೂ ಇರುವ ವಂಶವಾಹಿಗಳು ಒಂದೇ. ಹಾಗಿದ್ದರೂ ಒಂದು ಕೋಶ ಪ್ರೊಲ್ಯಾಕ್ಟಿನ್ ಕೋಶವಾಗಿ, ಇನ್ನೊಂದು ಎಸಿಟಿಎಚ್ ಕೋಶವಾಗಿ ಬೆಳೆಯುವುದಕ್ಕೆ ಕಾರಣ, ಭ್ರೂಣಾವಸ್ಥೆಯಲ್ಲಿ ಯಾವ ವಂಶವಾಹಿ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂದು ನಿರ್ಧರಿಸುವ ಕೆಲವು ಪ್ರೋಟೀನುಗಳು. ಪಿಟ್-1 ಎಂಬ ಪ್ರೋಟೀನು ಬೆಳವಣಿಗೆಯ ಹಾರ್ಮೋನು, ಪ್ರೊಲ್ಯಾಕ್ಟಿನ್ ಮತ್ತು ಟಿಎಸ್‌ಎಚ್ ಕೋಶಗಳ ಇಡೀ ಕವಲನ್ನು ರೂಪಿಸುತ್ತದೆ. ಟಿ-ಪಿಟ್ ಎಂಬುದು ಎಸಿಟಿಎಚ್ ಕೋಶಗಳನ್ನು, ಎಸ್‌ಎಫ್-1 ಎಂಬುದು ಎಲ್‌ಎಚ್–ಎಫ್‌ಎಸ್‌ಎಚ್ ಕೋಶಗಳನ್ನು ರೂಪಿಸುತ್ತದೆ. ಇದು ಕೇವಲ ಊಹೆಯಲ್ಲ. ಸ್ನೆಲ್ ಎಂಬ ಕುಬ್ಜ ಇಲಿಗಳಲ್ಲಿ ಪಿಟ್-1ರ ವಂಶವಾಹಿ ಕೆಟ್ಟಿರುತ್ತದೆ, ಮತ್ತು ಅವುಗಳ ಗ್ರಂಥಿಯಲ್ಲಿ ಈ ಕವಲಿನ ಮೂರು ಬಗೆಯ ಕೋಶಗಳೇ ಇರುವುದಿಲ್ಲ, ಉಳಿದವು ಇರುತ್ತವೆ. ಇದೇ ವಂಶವಾಹಿಯ ದೋಷದೊಂದಿಗೆ ಹುಟ್ಟಿದ ಮಕ್ಕಳಲ್ಲಿಯೂ ಅದೇ ಮೂರು ಹಾರ್ಮೋನುಗಳ ಕೊರತೆ ಕಾಣುತ್ತದೆ. ಈ ಮೂರು ಹೆಸರುಗಳನ್ನು ನೆನಪಿಟ್ಟುಕೊಳ್ಳಿ. ಮುಂದೆ ಒಬ್ಬರ ಬಯಾಪ್ಸಿ ವರದಿಯಲ್ಲಿ ಇವು ಮತ್ತೆ ಬರುತ್ತವೆ.

ಈ ಕೋಶಗಳಲ್ಲಿ ಹೆಚ್ಚಿನವು ತಮ್ಮಷ್ಟಕ್ಕೆ ತಾವು ಸ್ರವಿಸುವುದಿಲ್ಲ. ಹೈಪೋಥಲಾಮಸ್‌ನಿಂದ ಹೊರಟ ಸಣ್ಣ ಸಣ್ಣ ಸಂದೇಶ ಅಣುಗಳು, ಗ್ರಂಥಿಯ ತೊಟ್ಟಿನಲ್ಲಿ ಇಳಿಯುವ ಪೋರ್ಟಲ್ ರಕ್ತನಾಳಗಳ ಮೂಲಕ, ದೇಹದ ಉಳಿದ ರಕ್ತದಲ್ಲಿ ಕರಗಿ ಹೋಗುವ ಮೊದಲೇ ಈ ಕೋಶಗಳನ್ನು ತಲುಪುತ್ತವೆ. ಆ ಅಣುಗಳಲ್ಲಿ ಮೊದಲನೆಯ ಕೆಲವನ್ನು ಬೇರ್ಪಡಿಸಲು ರೋಜರ್ ಗಿಲ್ಮಿನ್ ಮತ್ತು ಆಂಡ್ರ್ಯೂ ಶ್ಯಾಲಿ ಅವರ ತಂಡಗಳು ಕಸಾಯಿಖಾನೆಗಳಿಂದ ಲಕ್ಷಗಟ್ಟಲೆ ಕುರಿ ಮತ್ತು ಹಂದಿಗಳ ಹೈಪೋಥಲಾಮಸ್ ಸಂಗ್ರಹಿಸಬೇಕಾಯಿತು; ಅವರಿಬ್ಬರಿಗೂ 1977ರಲ್ಲಿ ನೊಬೆಲ್ ಬಂತು. ರಕ್ತದಲ್ಲಿನ ಅತ್ಯಲ್ಪ ಪ್ರಮಾಣದ ಹಾರ್ಮೋನನ್ನು ಅಳೆಯುವ ವಿಧಾನ ಕಂಡುಹಿಡಿದ ರೋಸಲಿನ್ ಯಾಲೋ ಅದೇ ವರ್ಷದ ಪ್ರಶಸ್ತಿಯನ್ನು ಅವರೊಡನೆ ಹಂಚಿಕೊಂಡರು. ಇಂದು ಪ್ರಯೋಗಾಲಯಗಳು ಪ್ರೊಲ್ಯಾಕ್ಟಿನ್ ಎಷ್ಟಿದೆ ಎಂದು ಒಂದೇ ದಿನದಲ್ಲಿ ಹೇಳುವುದು ಆ ಕೆಲಸದ ಫಲ.

ಪ್ರಶ್ನೆ: ನನ್ನ ತಂಗಿಗೆ 26 ವರ್ಷ. ಕೆಲವು ತಿಂಗಳಿಂದ ಮುಟ್ಟು ನಿಂತಿದೆ, ಎದೆಯಿಂದ ಹಾಲಿನಂಥ ದ್ರವ ಬರುತ್ತಿದೆ. ಪ್ರೊಲ್ಯಾಕ್ಟಿನ್ 160 ಇದೆ, ಎಂಆರ್‌ಐಯಲ್ಲಿ 7 ಮಿಲಿಮೀಟರಿನ ಗಡ್ಡೆ ಇದೆ. ಡಾಕ್ಟರು ಆಪರೇಷನ್ ಬೇಡ, ವಾರಕ್ಕೆ ಎರಡು ಸಲ ಕ್ಯಾಬರ್ಗೋಲಿನ್ ಮಾತ್ರೆ ಸಾಕು ಎಂದಿದ್ದಾರೆ. ತಲೆಯೊಳಗಿನ ಗಡ್ಡೆ ಮಾತ್ರೆಯಿಂದ ಕರಗುವುದೆಂದರೆ ನಮಗೆ ನಂಬಿಕೆ ಬರುತ್ತಿಲ್ಲ. (ಓದುಗರು, ಹುಬ್ಬಳ್ಳಿ)

ಉತ್ತರ: ನಂಬಬಹುದು, ಮತ್ತು ಹೀಗೆ ಏಕೆ ಆಗುತ್ತದೆ ಎಂದು ತಿಳಿದರೆ ತಂಗಿ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುತ್ತಾರೆ ಎಂಬ ಆಸೆಯಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಪಿಟ್ಯುಟರಿಯ ಉಳಿದ ಕೋಶಗಳು ಹೈಪೋಥಲಾಮಸ್‌ನಿಂದ ‘ಸ್ರವಿಸು’ ಎಂಬ ಸಂದೇಶ ಬಂದಾಗ ಸ್ರವಿಸುತ್ತವೆ. ಪ್ರೊಲ್ಯಾಕ್ಟಿನ್ ಕೋಶದ ಸ್ವಭಾವ ಇದಕ್ಕೆ ತದ್ವಿರುದ್ಧ: ಅದು ಸದಾ ಸ್ರವಿಸಲು ಸಿದ್ಧವಾಗಿರುತ್ತದೆ, ಹೈಪೋಥಲಾಮಸ್‌ನಿಂದ ಇಳಿದು ಬರುವ ಡೋಪಮಿನ್ ಎಂಬ ಸಂದೇಶ ಅಣು ಅದನ್ನು ತಡೆದು ಹಿಡಿದಿರುತ್ತದೆ. ಇಲಿಯ ಪಿಟ್ಯುಟರಿಯನ್ನು ಅದರ ಜಾಗದಿಂದ ತೆಗೆದು ಮೂತ್ರಪಿಂಡದ ಹೊದಿಕೆಯ ಕೆಳಗೆ ನೆಟ್ಟರೆ, ಹೈಪೋಥಲಾಮಸ್‌ನ ಸಂಪರ್ಕ ಕಡಿದುಹೋದ ಆ ಗ್ರಂಥಿಯಲ್ಲಿ ಬೇರೆ ಹಾರ್ಮೋನುಗಳೆಲ್ಲ ಕುಸಿಯುತ್ತವೆ, ಪ್ರೊಲ್ಯಾಕ್ಟಿನ್ ಮಾತ್ರ ಸ್ರವಿಸುತ್ತಲೇ ಇರುತ್ತದೆ. ಗಡ್ಡೆಯಾಗಿ ಬೆಳೆದ ಪ್ರೊಲ್ಯಾಕ್ಟಿನ್ ಕೋಶಗಳು ಕೂಡ ಬಹುಪಾಲು ಸಂದರ್ಭಗಳಲ್ಲಿ ತಮ್ಮ ಮೇಲ್ಮೈಯ ಡೋಪಮಿನ್ ಗ್ರಾಹಕಗಳನ್ನು ಕಳೆದುಕೊಂಡಿರುವುದಿಲ್ಲ. ಕ್ಯಾಬರ್ಗೋಲಿನ್ ಈ ಗ್ರಾಹಕಗಳಿಗೆ ಅಂಟಿಕೊಂಡು ಡೋಪಮಿನ್ ಮಾಡುವ ಕೆಲಸವನ್ನೇ ಮಾಡುತ್ತದೆ, ಅದೂ ಹೆಚ್ಚು ಗಟ್ಟಿಯಾಗಿ, ಹೆಚ್ಚು ಹೊತ್ತು. ರಕ್ತದಲ್ಲಿ ಈ ಔಷಧದ ಪ್ರಮಾಣ ಅರ್ಧಕ್ಕಿಳಿಯಲು ಎರಡೂವರೆ ದಿನಕ್ಕಿಂತ ಹೆಚ್ಚು ಬೇಕು. ವಾರಕ್ಕೆ ಎರಡೇ ಸಲ ಸಾಕಾಗುವುದು ಅದಕ್ಕೇ.

ಕೋಶದ ಒಳಗೆ ಆಗ ನಡೆಯುವ ಬದಲಾವಣೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಣಬಹುದು. ಔಷಧ ಕೊಡುವ ಮೊದಲು ಗಡ್ಡೆಯ ಕೋಶವು ಮೈದುಂಬಿಕೊಂಡಿರುತ್ತದೆ: ಪ್ರೋಟೀನು ತಯಾರಿಸುವ ಒರಟು ಎಂಡೋಪ್ಲಾಸ್ಮಿಕ್ ಜಾಲ ಪದರ ಪದರವಾಗಿ ಹರಡಿರುತ್ತದೆ, ಅದನ್ನು ಕಣಗಳಾಗಿ ಕಟ್ಟುವ ಗಾಲ್ಗಿ ಭಾಗ ಹಿಗ್ಗಿರುತ್ತದೆ, ಹೊಸದಾಗಿ ತುಂಬಿದ ಪ್ರೊಲ್ಯಾಕ್ಟಿನ್ ಕಣಗಳು ಅಂಚಿನತ್ತ ಸಾಗುತ್ತಿರುತ್ತವೆ. ಔಷಧ ಆರಂಭಿಸಿದ ಮೇಲೆ ಮೊದಲು ಸ್ರಾವ ನಿಲ್ಲುತ್ತದೆ, ಬಳಿಕ ಪ್ರೊಲ್ಯಾಕ್ಟಿನ್ ವಂಶವಾಹಿಯ ಕೆಲಸವೇ ತಗ್ಗುತ್ತದೆ. ಹೊರಹೋಗದೆ ಉಳಿದ ಕಣಗಳನ್ನು ಕೋಶದ ಲೈಸೋಸೋಮುಗಳು ಒಡೆದು ಜೀರ್ಣಿಸುತ್ತವೆ, ಜಾಲವೂ ಗಾಲ್ಗಿಯೂ ಕುಗ್ಗುತ್ತವೆ, ಕೊನೆಗೆ ನ್ಯೂಕ್ಲಿಯಸ್ಸಿನ ಸುತ್ತ ತೆಳ್ಳನೆಯ ಒಂದಿಷ್ಟು ದ್ರವ್ಯ ಮಾತ್ರ ಉಳಿಯುತ್ತದೆ. ಹೀಗೆ ಲಕ್ಷಾಂತರ ಕೋಶಗಳು ಒಟ್ಟಿಗೆ ಕುಗ್ಗಿದಾಗ ಗಡ್ಡೆಯೇ ಕುಗ್ಗುತ್ತದೆ. ಕಣ್ಣಿನ ನರವನ್ನು ಒತ್ತುತ್ತಿದ್ದ ದೊಡ್ಡ ಗಡ್ಡೆಗಳಲ್ಲಿ ಕೂಡ ಕೆಲವೇ ದಿನಗಳಲ್ಲಿ ದೃಷ್ಟಿ ಸುಧಾರಿಸಲು ಆರಂಭಿಸುವುದುಂಟು. ವೈದ್ಯಕೀಯದಲ್ಲಿ ಇಷ್ಟು ಅಚ್ಚುಕಟ್ಟಾಗಿ ಕೋಶದ ಸ್ವಭಾವವನ್ನೇ ಬಳಸಿಕೊಳ್ಳುವ ಚಿಕಿತ್ಸೆಗಳು ಬಹಳ ಇಲ್ಲ ಎಂದು ನಾನು ಭಾವಿಸುತ್ತೇನೆ.

ಆದರೆ ಕುಗ್ಗಿದ ಕೋಶಗಳೆಲ್ಲ ಸತ್ತಿರುವುದಿಲ್ಲ. ಬೇಗ ಮಾತ್ರೆ ನಿಲ್ಲಿಸಿದರೆ ಅವು ಮತ್ತೆ ಹಿಗ್ಗುತ್ತವೆ, ಪ್ರೊಲ್ಯಾಕ್ಟಿನ್ ಮತ್ತೆ ಏರುತ್ತದೆ. ಮುಟ್ಟು ಸರಿಹೋಯಿತೆಂದು ತಾವಾಗಿಯೇ ನಿಲ್ಲಿಸುವವರು ಬಹಳ ಮಂದಿ. ದಯವಿಟ್ಟು ಹಾಗೆ ಮಾಡಬೇಡಿ. ಸಾಮಾನ್ಯವಾಗಿ ಕನಿಷ್ಠ ಎರಡು ವರ್ಷ ಚಿಕಿತ್ಸೆ ನಡೆದು, ಪ್ರೊಲ್ಯಾಕ್ಟಿನ್ ಸಹಜ ಮಟ್ಟದಲ್ಲಿದ್ದು, ಎಂಆರ್‌ಐಯಲ್ಲಿ ಗಡ್ಡೆ ಕಾಣದಿದ್ದರೆ ಅಥವಾ ಬಹಳ ಸಣ್ಣದಾಗಿದ್ದರೆ, ವೈದ್ಯರು ನಿಧಾನವಾಗಿ ಪ್ರಮಾಣ ಇಳಿಸಿ ನೋಡುತ್ತಾರೆ. ಮೊದಲ ವಾರಗಳಲ್ಲಿ ವಾಕರಿಕೆ, ತಲೆಸುತ್ತು ಬರಬಹುದು. ರಾತ್ರಿ ಊಟದ ಜೊತೆ ತೆಗೆದುಕೊಂಡರೆ ಕಡಿಮೆಯಾಗುತ್ತದೆ. ಕೆಲವರಲ್ಲಿ ಈ ಔಷಧದಿಂದ ಜೂಜಾಟ, ಅತಿಯಾದ ಖರೀದಿಯಂಥ ಹಿಡಿತವಿಲ್ಲದ ನಡವಳಿಕೆ ಕಾಣಿಸಿಕೊಳ್ಳುವುದುಂಟು. ಹೇಳಿಕೊಳ್ಳಲು ಸಂಕೋಚಪಡುವ ವಿಷಯವಾದ್ದರಿಂದ ಮನೆಯವರೂ ಗಮನಿಸಬೇಕು, ಕಂಡರೆ ವೈದ್ಯರಿಗೆ ತಿಳಿಸಬೇಕು. ಇನ್ನೊಂದು ಮಾತು: ಪ್ರೊಲ್ಯಾಕ್ಟಿನ್ ಹೆಚ್ಚಾದಾಗ ಅಂಡಾಶಯವನ್ನು ನಡೆಸುವ ಹಾರ್ಮೋನುಗಳ ಲಯ ತಪ್ಪಿ ಮುಟ್ಟು ನಿಲ್ಲುತ್ತದೆ; ಔಷಧದಿಂದ ಆ ಲಯ ಮರಳಿದಾಗ ಮೊದಲ ಮುಟ್ಟು ಬರುವ ಮೊದಲೇ ಗರ್ಭ ನಿಲ್ಲಬಹುದು. ಗರ್ಭಿಣಿಯಾದದ್ದು ತಿಳಿದ ಕೂಡಲೇ ವೈದ್ಯರನ್ನು ಕಾಣಬೇಕು. ಇಷ್ಟು ಸಣ್ಣ ಗಡ್ಡೆಯಿರುವವರಿಗೆ ಆಗ ಮಾತ್ರೆ ನಿಲ್ಲಿಸುವುದು ವಾಡಿಕೆ.

ಪ್ರೊಲ್ಯಾಕ್ಟಿನ್ ಹೆಚ್ಚಿದ್ದೆಲ್ಲ ಗಡ್ಡೆಯಲ್ಲ ಎಂಬುದನ್ನೂ ಈ ಸಂದರ್ಭದಲ್ಲಿ ಬೇರೆ ಓದುಗರಿಗಾಗಿ ಹೇಳಬೇಕು. ಗರ್ಭಿಣಿಯಲ್ಲಿ, ಹಾಲೂಡಿಸುವ ತಾಯಿಯಲ್ಲಿ ಅದು ಹೆಚ್ಚೇ ಇರುತ್ತದೆ. ನಮ್ಮಲ್ಲಿ ಗ್ಯಾಸ್, ಹುಳಿತೇಗು, ಹೊಟ್ಟೆಯುಬ್ಬರಕ್ಕೆಂದು ತಿಂಗಳುಗಟ್ಟಲೆ ನುಂಗುವ ಮಾತ್ರೆಗಳಲ್ಲಿ ಪ್ಯಾಂಟೊಪ್ರಜೋಲ್ ಜೊತೆಗೆ ಡೋಂಪೆರಿಡೋನ್ ಅಥವಾ ಲೆವೋಸಲ್ಪಿರೈಡ್ ಸೇರಿರುವುದು ಬಹಳ ಸಾಮಾನ್ಯ, ಇವೆರಡೂ ಡೋಪಮಿನ್ ಗ್ರಾಹಕವನ್ನು ಮುಚ್ಚಿ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಔಷಧಗಳೂ ಹೀಗೆಯೇ. ಆದರೆ ಅವನ್ನು ವೈದ್ಯರ ಮಾತಿಲ್ಲದೆ ನಿಲ್ಲಿಸಲೇಬಾರದು. ಥೈರಾಯ್ಡ್ ಬಹಳ ಕಡಿಮೆಯಾದಾಗ ಟಿಎಸ್‌ಎಚ್ ಕೋಶವನ್ನು ಪ್ರಚೋದಿಸುವ ಹೈಪೋಥಲಾಮಸ್‌ನ ಟಿಆರ್‌ಎಚ್ ಎಂಬ ಸಂದೇಶ ಅಣು ಹೆಚ್ಚುತ್ತದೆ, ಅದು ಪ್ರೊಲ್ಯಾಕ್ಟಿನ್ ಕೋಶವನ್ನೂ ಪ್ರಚೋದಿಸುತ್ತದೆ. ಆಗ ಇಡೀ ಗ್ರಂಥಿಯೇ ಊದಿಕೊಂಡು ಎಂಆರ್‌ಐಯಲ್ಲಿ ಗಡ್ಡೆಯಂತೆ ಕಾಣಬಹುದು. ಥೈರಾಕ್ಸಿನ್ ಎಂಬ ಥೈರಾಯ್ಡ್ ಹಾರ್ಮೋನಿನ ಮಾತ್ರೆ ಕೊಟ್ಟರೆ ಇಳಿಯುತ್ತದೆ. ಆದ್ದರಿಂದ ಸ್ಕ್ಯಾನಿಂಗಿಗೆ ಹೋಗುವ ಮೊದಲು ಗರ್ಭಪರೀಕ್ಷೆ, ಟಿಎಸ್‌ಎಚ್ ಪರೀಕ್ಷೆ ಮತ್ತು ನುಂಗುತ್ತಿರುವ ಮಾತ್ರೆಗಳ ಚೀಟಿ ಈ ಮೂರನ್ನು ನೋಡಲೇಬೇಕು.

ಪ್ರಶ್ನೆ: ಅಪ್ಪನಿಗೆ 52 ವರ್ಷ. ಮದುವೆಯ ಉಂಗುರ ಬೆರಳಿನಿಂದ ಬಿಚ್ಚಲಾಗದೆ ಅಕ್ಕಸಾಲಿಗರ ಬಳಿ ಕತ್ತರಿಸಿ ತೆಗೆಸಬೇಕಾಯಿತು. ಚಪ್ಪಲಿಯ ಅಳತೆಯೂ ಏರಿದೆ, ಗೊರಕೆ, ಸಕ್ಕರೆ ಕಾಯಿಲೆ ಶುರುವಾಗಿವೆ. ಈಗ ಬೆಳವಣಿಗೆಯ ಹಾರ್ಮೋನಿನ ಗಡ್ಡೆ ಎಂದು ಗೊತ್ತಾಗಿದೆ. ಇದು ಏಕೆ ಬರುತ್ತದೆ? ನಮಗೂ, ನಮ್ಮ ಮಕ್ಕಳಿಗೂ ಬರುತ್ತದೆಯೇ? (ಓದುಗರು, ತುಮಕೂರು)

ಉತ್ತರ: ನೀವು ಬರೆದಿರುವ ಲಕ್ಷಣಗಳ ಗುಂಪಿಗೆ ಆಕ್ರೊಮೆಗಲಿ ಎಂದು ಹೆಸರು, ಫ್ರಾನ್ಸಿನ ಪಿಯರ್ ಮೇರಿ 1886ರಲ್ಲಿ ಇದನ್ನು ವರ್ಣಿಸಿದರು. ಎತ್ತರ ಬೆಳೆಯುವ ಮೂಳೆತುದಿಗಳು ಮುಚ್ಚುವ ಮೊದಲೇ, ಅಂದರೆ ಬಾಲ್ಯದಲ್ಲಿ ಈ ಗಡ್ಡೆ ಬಂದರೆ ವ್ಯಕ್ತಿ ದೈತ್ಯಾಕಾರವಾಗಿ ಬೆಳೆಯುತ್ತಾನೆ. ಆಮೇಲೆ ಬಂದರೆ ಕೈಕಾಲು, ದವಡೆ, ಮೂಗು, ನಾಲಿಗೆ ದಪ್ಪವಾಗುತ್ತವೆ. ಬದಲಾವಣೆ ಬಹಳ ನಿಧಾನವಾದ್ದರಿಂದ ದಿನವೂ ನೋಡುವವರಿಗೆ ಗೊತ್ತೇ ಆಗುವುದಿಲ್ಲ, ರೋಗ ಪತ್ತೆಯಾಗುವ ಹೊತ್ತಿಗೆ ಹಲವು ವರ್ಷ ಕಳೆದಿರುತ್ತವೆ. ಹಳೆಯ ಮದುವೆಯ ಫೋಟೊ, ಹಳೆಯ ಗುರುತಿನ ಚೀಟಿಗಳನ್ನು ವೈದ್ಯರ ಬಳಿ ಒಯ್ದರೆ ಅವರಿಗೆ ನಿಜವಾಗಿಯೂ ನೆರವಾಗುತ್ತದೆ.

ಕಾರಣದ ಬಗ್ಗೆ ನಮಗೆ ಸಾಕಷ್ಟು ತಿಳಿದಿದೆ. ಪಿಟ್ಯುಟರಿ ಗಡ್ಡೆಯ ಕೋಶಗಳೆಲ್ಲ ಸಾಮಾನ್ಯವಾಗಿ ಒಂದೇ ಕೋಶದ ಸಂತತಿ ಎಂದು 1990ರ ಸುಮಾರಿಗೆ ತೋರಿಸಲಾಯಿತು. ಅಂದರೆ ದೋಷ ಹುಟ್ಟುವುದು ಆ ಒಂದು ಕೋಶದ ಒಳಗೆ. ಬೆಳವಣಿಗೆಯ ಹಾರ್ಮೋನಿನ ಗಡ್ಡೆಗಳಲ್ಲಿ ಸುಮಾರು ಶೇ. 40ರಷ್ಟರಲ್ಲಿ ಆ ದೋಷ ಇರುವುದು ಜಿಎನ್‌ಎಎಸ್ ಎಂಬ ವಂಶವಾಹಿಯಲ್ಲಿ. ಹೈಪೋಥಲಾಮಸ್‌ನ ಸಂದೇಶ ಕೋಶದ ಮೇಲ್ಮೈಗೆ ತಾಗಿದಾಗ, ಈ ವಂಶವಾಹಿಯಿಂದ ತಯಾರಾದ ಪ್ರೋಟೀನು ಜಿಟಿಪಿ ಎಂಬ ಅಣುವನ್ನು ಹಿಡಿದು ಚುರುಕಾಗುತ್ತದೆ, ಒಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶ ಅಣು ಹೆಚ್ಚುತ್ತದೆ, ಹಾರ್ಮೋನು ಹೊರಡುತ್ತದೆ. ಕೆಲಸ ಮುಗಿದ ಮೇಲೆ ಆ ಪ್ರೋಟೀನು ತಾನು ಹಿಡಿದ ಜಿಟಿಪಿಯನ್ನು ತಾನೇ ಒಡೆದು ಸುಮ್ಮನಾಗಬೇಕು. ಪ್ರೋಟೀನಿನ 201ನೆಯ ಅಥವಾ 227ನೆಯ ಸ್ಥಾನದ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಆ ಒಡೆಯುವ ಕೆಲಸ ಆಗುವುದಿಲ್ಲ. ಸಂದೇಶ ಬಾರದಿದ್ದರೂ ಬಂದಂತೆಯೇ ಕೋಶ ವರ್ತಿಸುತ್ತಾ ಸ್ರವಿಸುತ್ತದೆ, ವಿಭಜಿಸುತ್ತದೆ. ಹೆಚ್ಚಾದ ಹಾರ್ಮೋನು ಯಕೃತ್ತಿನಿಂದ ಐಜಿಎಫ್-1 ಎಂಬ ಇನ್ನೊಂದನ್ನು ಹೊರಡಿಸುತ್ತದೆ. ಅಂಗಾಂಶಗಳನ್ನು ಬೆಳೆಸುವುದು ಬಹುಮಟ್ಟಿಗೆ ಅದು, ರಕ್ತಪರೀಕ್ಷೆಯಲ್ಲಿ ಮುಖ್ಯವಾಗಿ ನೋಡುವುದೂ ಅದನ್ನೇ.

ಈ ಜಿಎನ್‌ಎಎಸ್ ದೋಷ ಗಡ್ಡೆಯ ಕೋಶಗಳಲ್ಲಿ ಮಾತ್ರ ಇರುತ್ತದೆ. ವೀರ್ಯದಲ್ಲಿ, ಅಂಡದಲ್ಲಿ ಇರುವುದಿಲ್ಲ, ಹಾಗಾಗಿ ಮಕ್ಕಳಿಗೆ ಸಾಗುವುದಿಲ್ಲ. ವಂಶಪಾರಂಪರ್ಯವಾಗಿ ಬರುವ ಪಿಟ್ಯುಟರಿ ಗಡ್ಡೆಗಳು ಇವೆ, ಆದರೆ ಒಟ್ಟಿನಲ್ಲಿ ಅವು ಅಲ್ಪ ಪಾಲು. ಅವುಗಳಲ್ಲೊಂದರ ಕತೆ ಹೇಳಲೇಬೇಕು. ಐರ್ಲೆಂಡಿನ ಚಾರ್ಲ್ಸ್ ಬರ್ನ್ ಸುಮಾರು 2.31 ಮೀಟರ್ ಎತ್ತರವಿದ್ದು ಲಂಡನ್ನಿನಲ್ಲಿ ಜನರ ಮುಂದೆ ಪ್ರದರ್ಶನಕ್ಕೆ ನಿಲ್ಲುತ್ತಿದ್ದವನು, 1783ರಲ್ಲಿ 22ನೆಯ ವಯಸ್ಸಿನಲ್ಲಿ ತೀರಿಕೊಂಡ. ತನ್ನ ಶವವನ್ನು ಸಮುದ್ರದಲ್ಲಿ ಮುಳುಗಿಸಬೇಕೆಂದು ಅವನು ಕೇಳಿಕೊಂಡಿದ್ದರೂ, ಶಸ್ತ್ರವೈದ್ಯ ಜಾನ್ ಹಂಟರ್ ಅದನ್ನು ಪಡೆದು ಅಸ್ಥಿಪಂಜರವನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡರು. 1909ರಲ್ಲಿ ಅಮೆರಿಕದ ನರಶಸ್ತ್ರವೈದ್ಯ ಹಾರ್ವೆ ಕುಷಿಂಗ್ ಆ ತಲೆಬುರುಡೆಯನ್ನು ತೆರೆದು ಪಿಟ್ಯುಟರಿಯ ಕುಳಿ ಹಿಗ್ಗಿರುವುದನ್ನು ಕಂಡರು. 2011ರಲ್ಲಿ ಅವನ ಹಲ್ಲಿನಿಂದ ತೆಗೆದ ಡಿಎನ್‌ಎಯಲ್ಲಿ ಎಐಪಿ ಎಂಬ ವಂಶವಾಹಿಯ ದೋಷ ಸಿಕ್ಕಿತು, ಮತ್ತು ಉತ್ತರ ಐರ್ಲೆಂಡಿನಲ್ಲಿ ಇಂದು ಬದುಕಿರುವ ಕೆಲವು ಕುಟುಂಬಗಳಲ್ಲಿಯೂ ಅದೇ ದೋಷ ಇರುವುದು ಗೊತ್ತಾಯಿತು. ವಿಜ್ಞಾನಕ್ಕೆ ಇದರಿಂದ ಲಾಭವಾಯಿತು ನಿಜ. ಆದರೂ ಸಾಯುವವನ ಕೋರಿಕೆಯನ್ನು ಮೀರಿದ್ದು ಸರಿಯೆಂದು ನನಗೆ ಅನ್ನಿಸುವುದಿಲ್ಲ. 2023ರಲ್ಲಿ ಮತ್ತೆ ತೆರೆದ ಹಂಟೇರಿಯನ್ ವಸ್ತುಸಂಗ್ರಹಾಲಯವು ಅವನ ಅಸ್ಥಿಪಂಜರವನ್ನು ಪ್ರದರ್ಶನಕ್ಕೆ ಇಡದಿರಲು ನಿರ್ಧರಿಸಿತು.

ಎಐಪಿ ದೋಷವಿರುವವರಲ್ಲಿ ಗಡ್ಡೆ ಸಾಮಾನ್ಯವಾಗಿ ಎಳೆಯ ವಯಸ್ಸಿನಲ್ಲಿ ಬರುತ್ತದೆ, ದೋಷವಿದ್ದವರಿಗೆಲ್ಲ ಬರುವುದೂ ಇಲ್ಲ. ಎಂಇಎನ್-1 ಎಂಬ ಇನ್ನೊಂದು ಆನುವಂಶಿಕ ಕಾಯಿಲೆಯಲ್ಲಿ ಪ್ಯಾರಾಥೈರಾಯ್ಡ್ ಗ್ರಂಥಿಯೂ ಕೆಟ್ಟು ರಕ್ತದ ಕ್ಯಾಲ್ಸಿಯಂ ಏರುತ್ತದೆ, ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ. ನಿಮ್ಮ ತಂದೆಗೆ ಐವತ್ತು ದಾಟಿದೆ. ಮನೆತನದಲ್ಲಿ ಬೇರೆ ಯಾರಿಗೂ ಇಂಥ ಗಡ್ಡೆ ಇಲ್ಲದಿದ್ದರೆ, ಕ್ಯಾಲ್ಸಿಯಂ ಸರಿಯಿದ್ದರೆ, ನೀವು ಮತ್ತು ಮಕ್ಕಳು ಚಿಂತಿಸಬೇಕಾದ ಕಾರಣ ಬಹಳ ಕಡಿಮೆ. ಚಿಕಿತ್ಸೆಯಲ್ಲಿ ಮೊದಲ ಸ್ಥಾನ ಮೂಗಿನ ಮೂಲಕ ಮಾಡುವ ಶಸ್ತ್ರಚಿಕಿತ್ಸೆಗೆ. ಗಡ್ಡೆ ಉಳಿದರೆ ಆಕ್ಟ್ರಿಯೋಟೈಡ್, ಲ್ಯಾನ್ರಿಯೋಟೈಡ್ ಎಂಬ ಚುಚ್ಚುಮದ್ದುಗಳಿವೆ; ಕೋಶದಲ್ಲಿ ಹಾರ್ಮೋನಿನ ಕಣಗಳು ದಟ್ಟವಾಗಿ ತುಂಬಿರುವ ಗಡ್ಡೆಗಳು ಇವಕ್ಕೆ ಚೆನ್ನಾಗಿ ಮಣಿಯುತ್ತವೆ, ಕಣಗಳು ವಿರಳವಾಗಿರುವವು ಅಷ್ಟಾಗಿ ಮಣಿಯುವುದಿಲ್ಲ. ಆದ್ದರಿಂದ ಶಸ್ತ್ರಚಿಕಿತ್ಸೆಯ ನಂತರದ ವರದಿಯಲ್ಲಿ ಈ ವಿವರ ಇದೆಯೇ ಎಂದು ಕೇಳಿ.

ಪ್ರಶ್ನೆ: ತಲೆನೋವಿಗೆಂದು ಮಾಡಿಸಿದ ಎಂಆರ್‌ಐಯಲ್ಲಿ ಪಿಟ್ಯುಟರಿಯಲ್ಲಿ 4 ಮಿಲಿಮೀಟರಿನ ಚುಕ್ಕೆ ಕಂಡಿದೆ. ನನಗೆ ಬೇರಾವ ತೊಂದರೆಯೂ ಇಲ್ಲ. (ಓದುಗರು, ಉಡುಪಿ)

ಉತ್ತರ: ಬೇರೆ ಕಾರಣಗಳಿಂದ ಸತ್ತವರ ಪಿಟ್ಯುಟರಿಯನ್ನು ಪರೀಕ್ಷಿಸಿದ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರೆ ಸುಮಾರು ಹತ್ತರಲ್ಲಿ ಒಬ್ಬರಿಗೆ ಇಂಥ ಸಣ್ಣ ಗಡ್ಡೆ ಇರುತ್ತದೆ, ಬದುಕಿನುದ್ದಕ್ಕೂ ಅದು ಅವರಿಗೆ ತಿಳಿದೇ ಇರುವುದಿಲ್ಲ. ಪ್ರೊಲ್ಯಾಕ್ಟಿನ್, ಐಜಿಎಫ್-1 ಮತ್ತು ವೈದ್ಯರು ಸೂಚಿಸಿದರೆ ಕಾರ್ಟಿಸಾಲ್ (ಎಸಿಟಿಎಚ್ ಪ್ರಚೋದನೆಯಿಂದ ಅಡ್ರಿನಲ್ ಗ್ರಂಥಿ ತಯಾರಿಸುವ ಹಾರ್ಮೋನು) ಪರೀಕ್ಷೆ ಮಾಡಿಸಿ, ಒಂದು ವರ್ಷದ ನಂತರ ಎಂಆರ್‌ಐ ಮತ್ತೊಮ್ಮೆ ಮಾಡಿಸಿ. ತಲೆನೋವಿಗೆ ಕಾರಣ ಬಹುಶಃ ಬೇರೆ.

ಪ್ರಶ್ನೆ: ಅಮ್ಮನಿಗೆ ಮೂಗಿನ ಮೂಲಕ ಪಿಟ್ಯುಟರಿ ಗಡ್ಡೆ ತೆಗೆದರು. ಯಾವ ಹಾರ್ಮೋನೂ ಹೆಚ್ಚಿರಲಿಲ್ಲ, ಪಕ್ಕದಿಂದ ಬರುವ ವಾಹನ ಕಾಣಿಸುತ್ತಿರಲಿಲ್ಲ ಅಷ್ಟೇ. ಬಯಾಪ್ಸಿಯಲ್ಲಿ ‘ಪಿಟ್ಯುಟರಿ ನ್ಯೂರೋಎಂಡೋಕ್ರೈನ್ ಟ್ಯೂಮರ್, ಎಸ್‌ಎಫ್-1 ಪಾಸಿಟಿವ್, ಕೆಐ-67 ಶೇ. 2’ ಎಂದಿದೆ. ಇದು ಕ್ಯಾನ್ಸರೇ? (ಓದುಗರು, ಮೈಸೂರು)

ಉತ್ತರ: ಅಲ್ಲ. ಮೊದಲು ಇದನ್ನೇ ಅಡಿನೋಮಾ, ಅಂದರೆ ಗ್ರಂಥಿಯ ಕ್ಯಾನ್ಸರಲ್ಲದ ಗಡ್ಡೆ, ಎಂದು ಬರೆಯುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರ್ಗೀಕರಣದ ನಂತರ ವರದಿಗಳಲ್ಲಿ ಈ ಹೊಸ ಹೆಸರು ಬರುತ್ತಿದೆ. ಹೆಸರು ಬದಲಾದ ಮಾತ್ರಕ್ಕೆ ಗಡ್ಡೆಯ ಸ್ವಭಾವ ಬದಲಾಗಿಲ್ಲ. ದೇಹದ ಬೇರೆ ಭಾಗಗಳಿಗೆ ಹರಡುವ ಪಿಟ್ಯುಟರಿ ಗಡ್ಡೆಗಳು ಸಾವಿರಕ್ಕೆ ಒಂದೆರಡು ಮಾತ್ರ.

ರೋಗಶಾಸ್ತ್ರಜ್ಞರು ಇದನ್ನು ಗುರುತಿಸುವ ಬಗೆ ನೋಡುವಂಥದ್ದು. ಆರೋಗ್ಯವಂತ ಗ್ರಂಥಿಯ ತೆಳು ಪದರಕ್ಕೆ ಬೆಳ್ಳಿಯ ಲವಣದಿಂದ ಬಣ್ಣ ಕೊಟ್ಟರೆ, ರೆಟಿಕ್ಯುಲಿನ್ ಎಂಬ ಕಪ್ಪು ಎಳೆಗಳು ಕೋಶಗಳ ಪುಟ್ಟ ಪುಟ್ಟ ಗುಂಪುಗಳನ್ನು ಸುತ್ತುವರಿದ ಬಲೆ ಕಾಣುತ್ತದೆ. ಪ್ರತಿ ಗುಂಪಿನಲ್ಲೂ ಹಲವು ಬಗೆಯ ಕೋಶಗಳು ಬೆರೆತಿರುತ್ತವೆ. ಗಡ್ಡೆಯಲ್ಲಿ ಆ ಬಲೆ ಹರಿದುಹೋಗಿ, ಒಂದೇ ಬಗೆಯ ಕೋಶಗಳು ಹಾಳೆಹಾಳೆಯಾಗಿ ಹರಡಿರುತ್ತವೆ. ಅನಂತರ ಮೊದಲ ಉತ್ತರದಲ್ಲಿ ಹೇಳಿದ ಮೂರು ಪ್ರೋಟೀನುಗಳಲ್ಲಿ ಯಾವುದು ನ್ಯೂಕ್ಲಿಯಸ್ಸಿನಲ್ಲಿದೆ ಎಂದು ಪರೀಕ್ಷಿಸುತ್ತಾರೆ. ನಿಮ್ಮ ತಾಯಿಯವರಲ್ಲಿ ಎಸ್‌ಎಫ್-1 ಇದೆ. ಅಂದರೆ ಗಡ್ಡೆ ಎಲ್‌ಎಚ್–ಎಫ್‌ಎಸ್‌ಎಚ್ ಕೋಶದಿಂದ ಬಂದದ್ದು. ಈ ಕೋಶಗಳ ಗಡ್ಡೆ ಹಾರ್ಮೋನನ್ನು ತೀರಾ ಅಲ್ಪವಾಗಿ, ಪರಿಣಾಮ ತೋರದಷ್ಟು ಮಾತ್ರ ಸ್ರವಿಸುವುದರಿಂದ ಯಾವ ಸೂಚನೆಯೂ ಇಲ್ಲದೆ ಮೇಲ್ಮುಖವಾಗಿ ಬೆಳೆಯುತ್ತದೆ. ಗ್ರಂಥಿಯ ನೇರ ಮೇಲೆ ಎರಡೂ ಕಣ್ಣಿನ ನರಗಳು ಹಾದು ಅರ್ಧರ್ಧ ಅಡ್ಡ ದಾಟುವ ಜಾಗವಿದೆ. ಅಲ್ಲಿ ಒತ್ತಡ ಬಿದ್ದರೆ ಎರಡೂ ಕಣ್ಣಿನ ಹೊರಬದಿಯ ನೋಟ ಕಡಿಮೆಯಾಗುತ್ತದೆ. ಪಕ್ಕದ ವಾಹನ ಕಾಣದಿದ್ದುದು ಅದಕ್ಕೇ.

ಇದೇ ರೀತಿ ಹಾರ್ಮೋನು ಹೆಚ್ಚಿಸದ ಗಡ್ಡೆಯಲ್ಲಿ ಎಸ್‌ಎಫ್-1 ಬದಲು ಟಿ-ಪಿಟ್ ಕಂಡಿದ್ದರೆ, ಅದು ಸುಮ್ಮನಿರುವ ಎಸಿಟಿಎಚ್ ಕೋಶದ ಗಡ್ಡೆಯಾಗಿದ್ದು, ಮರುಕಳಿಸುವ ಸಾಧ್ಯತೆ ಹೆಚ್ಚೆಂದು ನಾವು ಹೆಚ್ಚು ಎಚ್ಚರ ವಹಿಸುತ್ತಿದ್ದೆವು. ಕೆಐ-67 ಎಂಬುದು ವಿಭಜನೆಯ ಹಾದಿಯಲ್ಲಿರುವ ಕೋಶಗಳ ಪಾಲನ್ನು ಹೇಳುತ್ತದೆ, ಶೇ. 3 ಮತ್ತು ಅದಕ್ಕಿಂತ ಹೆಚ್ಚಿದ್ದರೆ ಗಮನ ಬೇಕು, ಇಲ್ಲಿ ಅದಕ್ಕಿಂತ ಕಡಿಮೆ ಇದೆ. ಈ ಗಡ್ಡೆಗಳು ಬೆಳೆಯುತ್ತಾ ಬೆಳೆಯುತ್ತಾ ಕ್ಯಾನ್ಸರ್ ಏಕೆ ಆಗುವುದಿಲ್ಲ ಎಂಬುದನ್ನು ಕೋಶವಿಜ್ಞಾನಿಗಳು ಬಹುಕಾಲದಿಂದ ಹುಡುಕುತ್ತಿದ್ದಾರೆ. ಡಿಎನ್‌ಎಗೆ ಹಾನಿಯಾದ ಪಿಟ್ಯುಟರಿ ಕೋಶದಲ್ಲಿ ಪಿ-21ರಂಥ ಪ್ರೋಟೀನುಗಳು ಹೆಚ್ಚಿ, ಆ ಕೋಶ ಸಾಯದೆಯೂ ವಿಭಜಿಸದೆಯೂ ಉಳಿದುಬಿಡುತ್ತದೆ ಎಂಬುದು ಇದುವರೆಗೆ ಸಿಕ್ಕ ಉತ್ತರಗಳಲ್ಲಿ ನನಗೆ ಹೆಚ್ಚು ಒಪ್ಪಿಗೆಯಾಗಿರುವುದು. ನಿಮ್ಮ ತಾಯಿಯವರಿಗೆ ಮೂರರಿಂದ ಆರು ತಿಂಗಳೊಳಗೆ ಒಂದು ಎಂಆರ್‌ಐ, ಆಮೇಲೆ ಕೆಲವು ವರ್ಷ ವರ್ಷಕ್ಕೊಂದು ಬೇಕು, ಏಕೆಂದರೆ ಉಳಿದ ತುಣುಕು ನಿಧಾನವಾಗಿ ಬೆಳೆಯಬಹುದು.

ಪ್ರಶ್ನೆ: ಗದ್ದೆಯಲ್ಲಿ ನಮ್ಮ ಚಿಕ್ಕಪ್ಪನಿಗೆ ಕೊಳಕುಮಂಡಲ ಕಚ್ಚಿ, ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಆಗಿ ಬದುಕಿದರು. ಅದಾದ ಮೇಲೆ ಸುಸ್ತು, ಚಳಿ, ಬಿಪಿ ಕಡಿಮೆ, ಗಡ್ಡ ಬೆಳೆಯುವುದೂ ಕಡಿಮೆಯಾಗಿದೆ. ಥೈರಾಯ್ಡ್ ಕಡಿಮೆ ಎಂದು ಮಾತ್ರೆ ಕೊಟ್ಟರು, ಸುಸ್ತು ಇನ್ನೂ ಹೆಚ್ಚಾಯಿತು. ಇದು ಹಾವಿನ ವಿಷದಿಂದಲೇ? (ಓದುಗರು, ಮಂಡ್ಯ)

ಉತ್ತರ: ಆಗಿರಬಹುದು, ಮತ್ತು ಈ ಉತ್ತರವನ್ನು ಓದಿದ ದಿನವೇ ಅವರನ್ನು ವೈದ್ಯರ ಬಳಿ ಕರೆದೊಯ್ಯಿರಿ. ಇದು ಗಡ್ಡೆಯಲ್ಲ, ಕೋಶಗಳು ಸತ್ತುಹೋದದ್ದರ ಫಲ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಕೆಡಿಸುತ್ತದೆ, ಸಣ್ಣ ರಕ್ತನಾಳಗಳಲ್ಲಿ ಹೆಪ್ಪುಗಳಾಗುತ್ತವೆ, ಬಿಪಿ ಕುಸಿಯುತ್ತದೆ. ಪಿಟ್ಯುಟರಿಯ ಮುಂಭಾಗಕ್ಕೆ ರಕ್ತ ಬರುವುದು ಹೆಚ್ಚಾಗಿ ಕಡಿಮೆ ಒತ್ತಡದ ಪೋರ್ಟಲ್ ನಾಳಗಳಿಂದ. ಆದ್ದರಿಂದ ಇಂಥ ಆಘಾತವನ್ನು ಅದು ತಾಳಿಕೊಳ್ಳುವುದಿಲ್ಲ. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾದ ತಾಯಂದಿರಲ್ಲಿ ಇದೇ ಭಾಗ ಸಾಯುವುದನ್ನು ಹೆರಾಲ್ಡ್ ಶೀಹನ್ 1937ರಲ್ಲಿ ವಿವರಿಸಿದರು. ಬಾಣಂತಿಗೆ ಹಾಲೇ ಬಾರದಿರುವುದು, ಮುಟ್ಟು ಮರಳದಿರುವುದು ಅದರ ಮೊದಲ ಸೂಚನೆಗಳು. ಹಾವಿನ ಕಡಿತದ ನಂತರ ಇದೇ ಸ್ಥಿತಿ ಬರುವುದು ಮ್ಯಾನ್ಮಾರ್ ಮತ್ತು ದಕ್ಷಿಣ ಭಾರತದಿಂದ ಹಲವು ಬಾರಿ ವರದಿಯಾಗಿದೆ, ಮೂತ್ರಪಿಂಡಕ್ಕೆ ಹಾನಿಯಾದವರಲ್ಲಿ ಹೆಚ್ಚಾಗಿ.

ಇಲ್ಲಿ ಎರಡು ಕಡೆ ಎಡವಟ್ಟಾಗುತ್ತದೆ. ಪಿಟ್ಯುಟರಿ ಕೆಟ್ಟಾಗ ಥೈರಾಯ್ಡ್ ಹಾರ್ಮೋನು ಕಡಿಮೆಯಿದ್ದರೂ ಟಿಎಸ್‌ಎಚ್ ಏರುವುದಿಲ್ಲ, ಏಕೆಂದರೆ ಏರಿಸಬೇಕಾದ ಕೋಶಗಳೇ ಇಲ್ಲ. ಬರೀ ಟಿಎಸ್‌ಎಚ್ ನೋಡಿದರೆ ಎಲ್ಲ ಸರಿಯಿದೆ ಎನ್ನಿಸುತ್ತದೆ. ಎಸಿಟಿಎಚ್ ಕೋಶಗಳೂ ಸತ್ತಿದ್ದರೆ ದೇಹದಲ್ಲಿ ಕಾರ್ಟಿಸಾಲ್ ಅತ್ಯಲ್ಪವಾಗಿರುತ್ತದೆ. ಅಂಥವರಿಗೆ ಮೊದಲು ಥೈರಾಕ್ಸಿನ್ ಕೊಟ್ಟರೆ ದೇಹ ಉಳಿದಷ್ಟು ಕಾರ್ಟಿಸಾಲನ್ನೂ ಬೇಗ ಬಳಸಿ ಮುಗಿಸುತ್ತದೆ, ಸುಸ್ತು ಹೆಚ್ಚುತ್ತದೆ, ಪ್ರಾಣಾಪಾಯವೂ ಆಗಬಹುದು. ನಿಮ್ಮ ಚಿಕ್ಕಪ್ಪನಿಗೆ ಆಗಿರುವುದು ಇದೇ ಇರಬಹುದೆಂಬ ಅನುಮಾನ ನನಗಿದೆ. ಬೆಳಿಗ್ಗೆ 8 ಗಂಟೆಯ ಕಾರ್ಟಿಸಾಲ್, ಟಿಎಸ್‌ಎಚ್ ಜೊತೆಗೇ ಫ್ರೀ ಟಿ-4, ಟೆಸ್ಟೋಸ್ಟಿರೋನ್, ಎಲ್‌ಎಚ್, ಎಫ್‌ಎಸ್‌ಎಚ್ ಮತ್ತು ಸೋಡಿಯಂ ಪರೀಕ್ಷೆ ಆಗಬೇಕು. ಕಾರ್ಟಿಸಾಲ್ ಕಡಿಮೆಯೆಂದು ಖಚಿತವಾದರೆ ಮೊದಲು ಆ ಕೊರತೆ ತುಂಬುವ ಹೈಡ್ರೊಕಾರ್ಟಿಸೋನ್, ಅದು ಆರಂಭವಾದ ನಂತರವೇ ಥೈರಾಕ್ಸಿನ್. ಹಾವು ಕಚ್ಚಿದ ವಿಷಯವನ್ನು, ಡಯಾಲಿಸಿಸ್ ಆದ ವಿಷಯವನ್ನು ವೈದ್ಯರಿಗೆ ನೀವೇ ಮೊದಲು ಹೇಳಿ. ಎಷ್ಟೋ ಸಲ ಕಡಿತಕ್ಕೂ ಲಕ್ಷಣಕ್ಕೂ ನಡುವೆ ವರ್ಷಗಳು ಕಳೆದಿರುವುದರಿಂದ ಯಾರೂ ಅದನ್ನು ಕೇಳುವುದಿಲ್ಲ.

ಚಿಕಿತ್ಸೆ ಶುರುವಾದ ಮೇಲೆ ಹೈಡ್ರೊಕಾರ್ಟಿಸೋನ್ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬಾರದು. ಜ್ವರ ಬಂದರೆ ವೈದ್ಯರು ಹೇಳಿದಂತೆ ಪ್ರಮಾಣವನ್ನು ದುಪ್ಪಟ್ಟು ಮಾಡಬೇಕು. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಬೇಕು. ಈ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ ಎಂದು ಬರೆದ ಚೀಟಿ ಅವರ ಜೇಬಿನಲ್ಲಿ ಸದಾ ಇರಲಿ.